ಬಿಸಿಲು ಏರುತ್ತಿದೆ: ಹಿತ್ತಲಿನ ಗಿಡ, ಕೋಳಿ ಎರಡನ್ನೂ ಹೇಗೆ ನೋಡಿಕೊಳ್ಳುತ್ತಿದ್ದೀರಿ? (ಮಂಡ್ಯ, ಮೈಸೂರು ಕಡೆಯವರು)

ಹೊಂಗೆನೆರಳು, ಮಂಡ್ಯ

ಎಲ್ಲರಿಗೂ ನಮಸ್ಕಾರ. ಯುಗಾದಿ ಹತ್ತಿರ ಬಂತು. ಹೊಂಗೆ ಮರ ಹೊಸ ಎಲೆ ಬಿಟ್ಟು ತಂಪಾಗಿ ನಿಂತಿದೆ. ಅದರ ನೆರಳು ದಾಟಿದರೆ ನೆಲ ಕಾಲು ಸುಡುತ್ತದೆ. ನಮ್ಮದು ಮಂಡ್ಯ ಊರಾಚೆಯ ಮನೆ. ಹಿಂದೆ ಹಿತ್ತಲಿದೆ. ಆರು ನಾಟಿ ಹ್ಯಾಟೆ, ಒಂದು ಹುಂಜ, ಮೂರು ಸ್ವರ್ಣಧಾರಾ ತಳಿಯ ಕೋಳಿ ಇವೆ. ಜೊತೆಗೆ ಹೀರೆ, ಬೆಂಡೆ, ದಂಟು, ಬದನೆ, ಒಂದಿಷ್ಟು ಟೊಮೆಟೊ. ಬಚ್ಚಲ ನೀರು ಹೋಗುವ ಕಡೆ ಬಾಳೆ.

ಈ ಕಾಲದ ಬೆಳಗು ನನಗೆ ತುಂಬಾ ಇಷ್ಟ. ಗೂಡಿನ ಬಾಗಿಲು ತೆಗೆದ ಕೂಡಲೇ ಎಲ್ಲಾ ಒಟ್ಟಿಗೆ ಬೇವಿನ ಮರದ ಕೆಳಗೆ ಓಡುತ್ತವೆ. ಹೂವು ಉದುರಿದ ಜಾಗ ಕೆದಕುತ್ತಾ ಹುಳ ಹುಡುಕುತ್ತವೆ. ನಾನು ಒಂದು ಕಡೆಯಿಂದ ಗಿಡಕ್ಕೆ ನೀರು ಹಾಕುತ್ತಾ ಬರುತ್ತೇನೆ. ಅತ್ತೆ ತಾರಸಿಯಲ್ಲಿ ಸಂಡಿಗೆ ಇಡುತ್ತಾರೆ. ಎಂಟೂವರೆ ಒಳಗೆ ಹೊರಗಿನ ಕೆಲಸ ಮುಗಿಯಬೇಕು. ಆಮೇಲೆ ಹೊರಗೆ ನಿಲ್ಲಲು ಆಗುವುದಿಲ್ಲ.

ತೊಂದರೆ ಶುರುವಾಗುವುದೂ ಆಗಲೇ. ಹನ್ನೊಂದರ ಮೇಲೆ ಕೋಳಿಗಳು ಕೊಕ್ಕು ತೆರೆದು, ರೆಕ್ಕೆ ಮೈಯಿಂದ ಸ್ವಲ್ಪ ದೂರ ಹಿಡಿದು ನಿಲ್ಲುತ್ತವೆ. ಸ್ವರ್ಣಧಾರಾ ಮೊಟ್ಟೆಯ ಸಿಪ್ಪೆ ತೆಳ್ಳಗಾಗಿದೆ. ಕೈಗೆತ್ತಿಕೊಂಡರೆ ಬಿರುಕು ಬಿಡುತ್ತದೆ. ಒಂದು ನಾಟಿ ಹ್ಯಾಟೆ ಕಾವಿಗೆ ಕೂತಿದೆ. ಈ ಬಿಸಿಲಲ್ಲಿ ಮೊಟ್ಟೆ ಇಡಬೇಕೋ, ಎಬ್ಬಿಸಬೇಕೋ ತಿಳಿಯುತ್ತಿಲ್ಲ. ಇನ್ನು ಹೀರೆ ಪಾತಿಗೆ ಹಾಕಿದ ತರಗನ್ನೆಲ್ಲಾ ಕೆದರಿ ಬೇರು ಬಯಲು ಮಾಡುತ್ತವೆ. ತರಗು ಇಲ್ಲದಿದ್ದರೆ ತೇವ ನಿಲ್ಲುವುದಿಲ್ಲ. ಹಾಗಂತ ಕೋಳಿಯನ್ನು ಇಡೀ ದಿನ ಕೂಡಿಹಾಕಿದರೆ ಸೆಕೆಗೆ ಸೊರಗುತ್ತವೆ. ಗಿಡ ಉಳಿಸಲು ಹೋದರೆ ಕೋಳಿಗೆ ಕಷ್ಟ, ಕೋಳಿ ಬಿಟ್ಟರೆ ಗಿಡಕ್ಕೆ ಕಷ್ಟ. ನಿಮ್ಮ ಮನೆಗಳಲ್ಲಿ ಹೇಗೆ ಹೊಂದಿಸುತ್ತೀರಿ? ವಿವರವಾಗಿ ಬರೆಯಿರಿ ದಯವಿಟ್ಟು.


ನಾಲೆಯಂಚು, ಪಾಂಡವಪುರ

ತಂಗೀ, ಮೊದಲು ನೆರಳು ನೋಡಿಕೊಳ್ಳಿ. ಉಳಿದದ್ದೆಲ್ಲಾ ಆಮೇಲೆ. ಗೂಡಿನ ಮೇಲೆ ಏನಿದೆ? ಶೀಟಾಗಿದ್ದರೆ ಅದೇ ಮೊದಲ ತೊಂದರೆ. ಮಧ್ಯಾಹ್ನ ಶೀಟಿನ ಕೆಳಗೆ ಕೈ ಇಟ್ಟು ನೋಡಿ, ಗೊತ್ತಾಗುತ್ತದೆ. ನಮ್ಮಲ್ಲಿ ಶೀಟಿನ ಮೇಲೆ ಕಬ್ಬಿನ ಸೋಗೆ ಒಂದು ಗೇಣು ದಪ್ಪ ಹೊದಿಸಿ, ಹಾರಿಹೋಗದಂತೆ ಬಿದಿರು ಕಟ್ಟುತ್ತೇವೆ. ಸೋಗೆ ಸಿಗದಿದ್ದರೆ ತೆಂಗಿನ ಗರಿ ಆಗುತ್ತದೆ. ಅದೂ ಇಲ್ಲದಿದ್ದರೆ ಶೀಟಿಗೆ ದಪ್ಪಗೆ ಸುಣ್ಣ ಬಳಿಯಿರಿ. ಬಿಳಿ ಬಣ್ಣಕ್ಕೆ ಬಿಸಿಲು ಅಷ್ಟು ಹಿಡಿಯುವುದಿಲ್ಲ.

ಬಾಳೆ ಬುಡ ಇದೆ ಅಂದಿರಲ್ಲ, ಅದೇ ನಿಮ್ಮ ಕೋಳಿಗಳ ಮಧ್ಯಾಹ್ನದ ಮನೆ. ಬಾಳೆ ಗುಂಪಿನ ಒಳಗೆ ಗಾಳಿ ತಂಪಾಗಿರುತ್ತದೆ, ನೆಲ ಹಸಿಯಾಗಿರುತ್ತದೆ. ಒಣಗಿದ ಎಲೆ ಪೂರ್ತಿ ಕತ್ತರಿಸಬೇಡಿ. ಒಂದಿಷ್ಟು ಜೋತುಬಿದ್ದಿರಲಿ. ಆದರೆ ಬಚ್ಚಲ ನೀರು ಅಲ್ಲಿ ಗುಂಡಿಯಾಗಿ ನಿಲ್ಲಬಾರದು. ಬಾಯಾರಿದ ಕೋಳಿ ಆ ಸೋಪಿನ ನೀರನ್ನೇ ಕುಡಿಯುತ್ತದೆ. ಪಕ್ಕದಲ್ಲೇ ಅಗಲ ಬಾಯಿಯ ಮಣ್ಣಿನ ಬಟ್ಟಲಿನಲ್ಲಿ ಒಳ್ಳೆಯ ನೀರಿಡಿ.

ಪಾತಿಯ ವಿಷಯ. ನಮ್ಮ ಕಡೆ ಹೊಲದ ಸುತ್ತ ಹಳೇ ಸೀರೆ ಕಟ್ಟುವುದನ್ನು ನೋಡಿರುತ್ತೀರಿ. ಹಂದಿಗೆ ಕಟ್ಟುವ ಆ ಸೀರೆ ಕೋಳಿಗೂ ಆಗುತ್ತದೆ. ನಾಲ್ಕು ಮೂಲೆಗೆ ಗೂಟ, ಮೊಳಕಾಲೆತ್ತರ ಸೀರೆ. ಹಾರಿ ಒಳಗೆ ಹೋಗುವ ಕೋಳಿ ಇದ್ದರೆ ಇನ್ನೊಂದು ಮೊಳ ಏರಿಸಿ. ಒಂಟಿ ಗಿಡಗಳಿಗೆ ಬೇಲಿ ಬೇಡ. ಬುಡದ ಸುತ್ತ ತರಗು ಹಾಕಿ, ಅದರ ಮೇಲೆ ಇಟ್ಟಿಗೆ ಚೂರು, ಹೆಂಚಿನ ಚೂರು ಜೋಡಿಸಿ. ಕೋಳಿ ಕೆದರಲು ನೋಡುತ್ತದೆ, ಆಗುವುದಿಲ್ಲ, ಮುಂದೆ ಹೋಗುತ್ತದೆ. ಕಲ್ಲಿನ ಅಡಿ ತೇವವೂ ಉಳಿಯುತ್ತದೆ.

ನೀರಿನದ್ದು ಇನ್ನೊಂದು. ನಾಲೆಯಲ್ಲಿ ಈಗ ನೀರು ಬಂದರೂ ಕಟ್ಟು ಪದ್ಧತಿಯಲ್ಲಿ ಬರುತ್ತದೆ. ಒಂದಷ್ಟು ದಿನ ಬಿಡುತ್ತಾರೆ, ಒಂದಷ್ಟು ದಿನ ನಿಲ್ಲಿಸುತ್ತಾರೆ. ಹಿತ್ತಲಿನ ಬಳ್ಳಿಗಳಿಗೆ ನಾನು ಮಡಕೆ ಹೂಳುತ್ತೇನೆ. ಬಣ್ಣ ಹೊಡೆಯದ, ಸುಟ್ಟ ಮಣ್ಣಿನ ಮಡಕೆಯೇ ಆಗಬೇಕು. ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿಗೆ ಹೆಂಚು ಮುಚ್ಚಿ. ನೀರು ಮೆಲ್ಲಗೆ ಜಿನುಗಿ ಬೇರಿಗೆ ಹೋಗುತ್ತದೆ. ಹೀರೆ, ಸೋರೆಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಮಣ್ಣಿನ ಮೇಲ್ಭಾಗ ಒಣಗಿಯೇ ಇರುವುದರಿಂದ ಕೋಳಿಗೆ ಅಲ್ಲಿ ಹುಳ ಸಿಗುವುದಿಲ್ಲ. ಕೆದಕುವ ಆಸೆಯೂ ಕಡಿಮೆ.


ಹಸಿರುಜಗಲಿ, ಬೋಗಾದಿ, ಮೈಸೂರು

ಅಣ್ಣ, ಮಡಕೆ ಎಷ್ಟು ದಿನಕ್ಕೊಮ್ಮೆ ತುಂಬಬೇಕು? ಅಡಿಯಲ್ಲಿ ತೂತು ಮಾಡಬೇಕಾ?


ನಾಲೆಯಂಚು, ಪಾಂಡವಪುರ

ತೂತು ಬೇಡ ತಮ್ಮ. ಮಣ್ಣೇ ಜಿನುಗಿಸುತ್ತದೆ. ಎಷ್ಟು ದಿನ ಅನ್ನುವುದು ನಿಮ್ಮ ನೆಲದ ಮೇಲೆ ಇದೆ. ಕೆಂಪು ಮಣ್ಣು ಬೇಗ ಎಳೆಯುತ್ತದೆ. ಮುಚ್ಚಳ ತೆಗೆದು ನೋಡಿ, ಅರ್ಧಕ್ಕೆ ಇಳಿದಿದ್ದರೆ ತುಂಬಿ. ಮುಚ್ಚಳ ಮಾತ್ರ ಮರೆಯಬೇಡಿ. ಸೊಳ್ಳೆ ಮೊಟ್ಟೆ ಇಡುತ್ತದೆ, ಕೋಳಿ ಪಿಳ್ಳೆ ಬಗ್ಗಿ ನೋಡಲು ಹೋಗಿ ಒಳಗೆ ಬೀಳುತ್ತದೆ.


ಗೋಮಾಳ, ಮೈಸೂರು (ನಿವೃತ್ತ ಪಶುವೈದ್ಯ)

ಹೊಂಗೆನೆರಳು ಮೇಡಂ ಬರೆದದ್ದು ಓದಿ ಖುಷಿಯಾಯಿತು. ಕೋಳಿ ನಿಲ್ಲುವ ರೀತಿಯನ್ನು ಇಷ್ಟು ಗಮನಿಸಿದ್ದೀರಿ. ಅರ್ಧ ಕೆಲಸ ಅಲ್ಲೇ ಆಯಿತು.

ಕೋಳಿಗೆ ಬೆವರು ಬರುವುದಿಲ್ಲ. ಅದರ ಮೈ ಬಿಸಿಯೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ನಮಗಿಂತ ಸುಮಾರು ನಾಲ್ಕು ಡಿಗ್ರಿ ಜಾಸ್ತಿ. ಹೊರಗೆ 30 ದಾಟಿದ ಮೇಲೆ ಬಾಯಿ ತೆರೆದು ಏದುಸಿರು ಬಿಡಲು ಶುರು ಮಾಡುತ್ತದೆ. ಉಸಿರಿನ ತೇವದ ಜೊತೆ ಮೈಯ ಬಿಸಿ ಹೊರಗೆ ಹೋಗುತ್ತದೆ. ಜುಟ್ಟು, ಕೊಕ್ಕಿನ ಕೆಳಗೆ ಜೋಲುವ ಚರ್ಮ, ರೆಕ್ಕೆಯ ಅಡಿಯ ಬರಿ ಜಾಗ, ಇವುಗಳಿಂದಲೂ ಬಿಸಿ ಹೋಗುತ್ತದೆ. ಅದಕ್ಕೇ ರೆಕ್ಕೆ ಅಗಲಿಸಿ ನಿಲ್ಲುವುದು. 35 ದಾಟಿದರೆ ದಪ್ಪ ಕೋಳಿಗಳಿಗೆ ಜೀವಕ್ಕೇ ಕಷ್ಟ. ಗಿರಿರಾಜ ಸಾಕಿದವರು ಈ ತಿಂಗಳು ಜಾಸ್ತಿ ಎಚ್ಚರ ವಹಿಸಿ. ನಾಟಿ ಕೋಳಿ ಹಗುರ, ಕಾಲು ಉದ್ದ, ಹೇಗೋ ತಡೆದುಕೊಳ್ಳುತ್ತದೆ.

ಈಗ ಸಿಪ್ಪೆಯ ವಿಷಯ. ಏದುಸಿರು ಬಿಟ್ಟಷ್ಟೂ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗುತ್ತದೆ. ಸಿಪ್ಪೆ ಕಟ್ಟುವುದು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ. ಅದಕ್ಕೆ ಬೇಕಾದ ಕಾರ್ಬೊನೇಟ್ ಹೀಗೆ ಕಡಿಮೆ ಬೀಳುತ್ತದೆ. ಇದರ ಮೇಲೆ ಸೆಕೆಗೆ ಮೇವು ಬಿಡುತ್ತವೆ, ಕ್ಯಾಲ್ಸಿಯಂ ಕೂಡ ಕಡಿಮೆ ಹೋಗುತ್ತದೆ. ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಸ್ವರ್ಣಧಾರಾ ನಮ್ಮ ಹೆಬ್ಬಾಳದಲ್ಲಿ ಬೆಳೆಸಿದ ತಳಿ, ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಇಡುತ್ತದೆ. ನಾಟಿ ಹ್ಯಾಟೆ 60ರಿಂದ 80. ಜಾಸ್ತಿ ಇಡುವುದಕ್ಕೇ ಮೊದಲು ಕೊರತೆ ಕಾಣುತ್ತದೆ. ನಿಮ್ಮಲ್ಲಿ ನಾಟಿ ಮೊಟ್ಟೆ ಗಟ್ಟಿಯಾಗಿರುವುದಕ್ಕೆ ಕಾರಣ ಇದು.

ಸಿಪ್ಪೆ ಹೆಚ್ಚಿನ ಭಾಗ ಕಟ್ಟುವುದು ರಾತ್ರಿ. ಆದ್ದರಿಂದ ಸಂಜೆ ಗೂಡು ಸೇರುವ ಮೊದಲು ಕಪ್ಪೆಚಿಪ್ಪಿನ ನುಚ್ಚು ಬೇರೆ ಬಟ್ಟಲಲ್ಲಿ ಇಡಿ. ಕೋಳಿ ಆಹಾರ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಮೇವಿಗೆ ಬೆರೆಸಬೇಡಿ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ, ಬೇಡದ್ದು ಬಿಡುತ್ತದೆ. ಮನೆಯ ಮೊಟ್ಟೆ ಸಿಪ್ಪೆಯೂ ಆಗುತ್ತದೆ. ಬಾಣಲೆಯಲ್ಲಿ ಹುರಿದು ಸಣ್ಣಗೆ ಕುಟ್ಟಿ ಹಾಕಿ. ಅರ್ಧ ಹೋಳಾಗಿ ಹಾಗೇ ಎಸೆದರೆ ಕೋಳಿ ಮೊಟ್ಟೆ ಒಡೆದು ತಿನ್ನುವುದನ್ನು ಕಲಿಯುತ್ತದೆ. ಆ ಚಟ ಬಿಡಿಸುವುದು ಬಹಳ ಕಷ್ಟ.

ಮೇವು ಬೆಳಿಗ್ಗೆ ಬೇಗ, ಸಂಜೆ ಐದರ ಮೇಲೆ ಹಾಕಿ. ತಿಂದದ್ದು ಅರಗುವಾಗಲೂ ಮೈ ಬಿಸಿಯಾಗುತ್ತದೆ. ನಡು ಹಗಲಲ್ಲಿ ಕಾಳು ಬೇಡ. ಕಲ್ಲಂಗಡಿ ಸಿಪ್ಪೆ, ಸೌತೆಕಾಯಿ, ದಂಟಿನ ಸೊಪ್ಪು ಕೊಡಿ. ತಂಪಿನ ದಿನದಲ್ಲಿ ಒಂದು ಕೋಳಿ ಕಾಲು ಲೀಟರ್ ನೀರು ಕುಡಿದರೆ ಈಗ ಅರ್ಧ ಲೀಟರ್ ಬೇಕಾಗಬಹುದು. ನೀರು ಬಿಸಿಯಾದರೆ ಕುಡಿಯುವುದನ್ನೇ ಬಿಡುತ್ತವೆ. ಪ್ಲಾಸ್ಟಿಕ್ ಡಬ್ಬಿ ಬಿಸಿಲಲ್ಲಿ ಇಡಬೇಡಿ.

ಒಂದು ಕೋಳಿ ಕುಸಿದು ಬಿದ್ದರೆ ಕೂಡಲೇ ನೆರಳಿಗೆ ತನ್ನಿ. ಕಾಲು ಮುಳುಗುವಷ್ಟು ತಣ್ಣೀರಲ್ಲಿ ನಿಲ್ಲಿಸಿ, ಜುಟ್ಟಿಗೆ ನೀರು ಸವರಿ, ಗಾಳಿ ಹಾಕಿ. ಐಸ್ ನೀರು ಬೇಡ. ಬಾಯಿಗೆ ಒತ್ತಾಯದಿಂದ ನೀರು ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ತಾನಾಗಿ ಕೊಕ್ಕು ಅದ್ದುವವರೆಗೆ ಕಾಯಿರಿ.


ಹೊಂಗೆನೆರಳು, ಮಂಡ್ಯ

ಡಾಕ್ಟ್ರೇ, ತುಂಬಾ ಧನ್ಯವಾದ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಮನೆಯಲ್ಲಿ ಇದೆ. ಅದನ್ನು ಕೊಡಬಹುದಾ ಅಂತ ಅತ್ತೆ ಕೇಳುತ್ತಿದ್ದಾರೆ.


ಗೋಮಾಳ, ಮೈಸೂರು

ಅದು ಬೇಡ. ಹಸೀ ಸುಣ್ಣ ಬಾಯಿ, ಗಂಟಲು ಸುಡುತ್ತದೆ. ಚಿಪ್ಪು, ಸಿಪ್ಪೆ, ಸುಣ್ಣದ ಕಲ್ಲಿನ ನುಚ್ಚು, ಇವು ಸಾಕು.


ಮಲ್ಲಿಗೆಬಳ್ಳಿ, ಕುವೆಂಪುನಗರ, ಮೈಸೂರು

ನಮ್ಮ ಮನೆಯಲ್ಲಿ ಕೋಳಿ ಇಲ್ಲ, ತಾರಸಿ ತೋಟ ಮಾತ್ರ. ಗಿಡದ ಬಗ್ಗೆ ಮೊದಲು ಬರೆದುಬಿಡುತ್ತೇನೆ. ಟೊಮೆಟೊ ಹೂವು ಉದುರುತ್ತಿದ್ದರೆ ಗೊಬ್ಬರ ಸುರಿಯಬೇಡಿ. ಹಗಲು 35 ಡಿಗ್ರಿ ಮುಟ್ಟಿ, ರಾತ್ರಿಯೂ ತಂಪಾಗದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ. ಹೂವು ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಅರ್ಧ ನೆರಳಿನ ಹಸಿರು ಬಲೆ ಕಟ್ಟಿ, ಮಳೆ ಬರುವವರೆಗೆ ಗಿಡ ಉಳಿಸಿಕೊಂಡರೆ ಸಾಕು. ಈ ಕಾಲದ ತರಕಾರಿ ಬೆಂಡೆ, ಹೀರೆ, ದಂಟು, ಬಸಳೆ. ಬದನೆಯೂ ತಡೆಯುತ್ತದೆ. ನಮ್ಮ ತಾರಸಿಯ ಈರನಗೆರೆ ಬದನೆ ಈ ಬಿಸಿಲಲ್ಲೂ ಕಾಯಿ ಬಿಡುತ್ತಿದೆ. ಮಲ್ಲಿಗೆಗಂತೂ ಇದು ಸುಗ್ಗಿ. ಸಂಜೆ ನೀರು ಹಾಕಲು ಹತ್ತಿದರೆ ಇಡೀ ತಾರಸಿ ಘಮ್ ಅನ್ನುತ್ತದೆ.

ಕುಂಡ ನೇರವಾಗಿ ತಾರಸಿ ನೆಲಕ್ಕೆ ತಾಗದಂತೆ ಎರಡು ಇಟ್ಟಿಗೆ ಮೇಲೆ ಇಡಿ. ಬೇರು ಬೇಯುವುದು ಮೇಲಿನ ಬಿಸಿಲಿನಿಂದ ಮಾತ್ರವಲ್ಲ, ಕೆಳಗಿನ ಕಾಂಕ್ರೀಟಿನಿಂದಲೂ. ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿದ್ದರೆ ನೀರು ಹಿಡಿದಿಡುತ್ತದೆ. ಮೆಣಸಿನ ಗಿಡದ ಎಲೆ ಮುಟುರಿಕೊಂಡಿದ್ದರೆ ಎಲೆಯ ಅಡಿ ನೋಡಿ. ಅಲ್ಲಿ ನುಸಿ, ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳ ಇರುತ್ತವೆ. ಬೇವಿನ ಎಣ್ಣೆ ಸಂಜೆ ಹೊತ್ತು ಮಾತ್ರ ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಈಗ ನನ್ನ ದೂರು. ಹೇಳದೆ ಇರಲಾರೆ, ತಪ್ಪು ತಿಳಿಯಬೇಡಿ. ಪಕ್ಕದ ಮನೆಯವರು ಕಾಂಪೌಂಡಿಗೆ ಒತ್ತಿಕೊಂಡು ಗೂಡು ಕಟ್ಟಿದ್ದಾರೆ. ಬೇಸಿಗೆ ಬಂತೆಂದರೆ ಅಡುಗೆಮನೆ ಕಿಟಕಿ ತೆಗೆಯಲು ಆಗುವುದಿಲ್ಲ. ನೊಣ, ವಾಸನೆ. ಹುಂಜ ನಾಲ್ಕು ಗಂಟೆಗೇ ಕೂಗುತ್ತದೆ. ಮನೆಯಲ್ಲಿ ವಯಸ್ಸಾದ ಮಾವ ಇದ್ದಾರೆ, ನಿದ್ದೆ ಕೆಡುತ್ತದೆ. ಸಾಕುವವರ ಖುಷಿ ನನಗೆ ಅರ್ಥವಾಗುತ್ತದೆ. ಆದರೆ ಪಕ್ಕದವರೂ ಅದೇ ಗಾಳಿ ಉಸಿರಾಡಬೇಕು ಅಲ್ವಾ?


ಹಸಿರುಜಗಲಿ, ಬೋಗಾದಿ, ಮೈಸೂರು

ಮೇಡಂ, ನಿಮ್ಮ ದೂರು ನ್ಯಾಯವಾದದ್ದು. ನಾನೂ 30×40 ಸೈಟಿನಲ್ಲಿ ಐದು ಹ್ಯಾಟೆ ಸಾಕಿದ್ದೇನೆ, ಎರಡೂ ಕಡೆ ಮನೆಗಳಿವೆ. ಹುಂಜ ಇಟ್ಟಿಲ್ಲ. ಮೊಟ್ಟೆಗೆ ಹುಂಜ ಬೇಕಾಗಿಲ್ಲ, ಮರಿಗೆ ಮಾತ್ರ ಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ವಾಸನೆಗೆ ಕಾರಣ ತೇವ. ಹಿಕ್ಕೆ ಒಣಗಿದ್ದರೆ ಅಷ್ಟಾಗಿ ನಾರುವುದಿಲ್ಲ. ಒದ್ದೆಯಾದರೆ ಅಮೋನಿಯಾ ಹುಟ್ಟುತ್ತದೆ, ನೊಣ ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ಕೋಳಿ ನೀರು ಜಾಸ್ತಿ ಕುಡಿಯುತ್ತದೆ, ಹಿಕ್ಕೆಯೂ ನೀರಾಗುತ್ತದೆ, ಅದಕ್ಕೇ ಈಗ ತೊಂದರೆ ಹೆಚ್ಚು. ಗೂಡಿನ ನೆಲಕ್ಕೆ ಭತ್ತದ ಹೊಟ್ಟು ನಾಲ್ಕು ಬೆರಳು ದಪ್ಪ ಹಾಕಬೇಕು. ಮಂಡ್ಯ ಕಡೆಯ ಅಕ್ಕಿ ಗಿರಣಿಗಳಲ್ಲಿ ಬೇಕಾದಷ್ಟು ಸಿಗುತ್ತದೆ. ದಿನಾ ಕಡ್ಡಿಯಲ್ಲಿ ತಿರುವಿ ಹಾಕಬೇಕು. ನೀರಿನ ಬಟ್ಟಲಿನ ಸುತ್ತ ಒದ್ದೆಯಾದ ಹೊಟ್ಟನ್ನು ಅಂದೇ ತೆಗೆಯಬೇಕು. ಇಷ್ಟು ಮಾಡಿದರೆ ಪಕ್ಕದವರಿಗೆ ಕೋಳಿ ಇರುವುದೇ ತಿಳಿಯುವುದಿಲ್ಲ. ನಮ್ಮ ಪಕ್ಕದ ಮನೆಯವರು ಈಗ ನನ್ನ ಹಳೇ ಹೊಟ್ಟನ್ನು ಗುಲಾಬಿಗೆ ಕೇಳಿ ತೆಗೆದುಕೊಳ್ಳುತ್ತಾರೆ.


ಮಲ್ಲಿಗೆಬಳ್ಳಿ, ಕುವೆಂಪುನಗರ, ಮೈಸೂರು

ಇದನ್ನು ಪಕ್ಕದ ಮನೆಯ ಅಕ್ಕನಿಗೆ ಓದಿ ಹೇಳುತ್ತೇನೆ. ಹೊಟ್ಟು ನಾನೇ ಒಂದು ಚೀಲ ತರಿಸಿಕೊಟ್ಟರೂ ಆದೀತು. ಬಳಸಿದ ಹೊಟ್ಟನ್ನು ನೇರ ಕುಂಡಕ್ಕೆ ಹಾಕಬಹುದಾ?


ನಾಲೆಯಂಚು, ಪಾಂಡವಪುರ

ನೇರ ಬೇಡಮ್ಮ. ಕೋಳಿ ಗೊಬ್ಬರ ಬಹಳ ಖಾರ. ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ. ಬೇಸಿಗೆಯಲ್ಲಂತೂ ಗಿಡ ರಾತ್ರಿ ಕಳೆಯುವಷ್ಟರಲ್ಲಿ ಬಾಡುತ್ತದೆ. ಒಂದು ಪಾಲು ಹಿಕ್ಕೆಗೆ ಎರಡು ಮೂರು ಪಾಲು ತರಗು, ಒಂದಿಷ್ಟು ಹಳೇ ಮಣ್ಣು ಸೇರಿಸಿ ನೆರಳಲ್ಲಿ ರಾಶಿ ಮಾಡಿ. ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅಷ್ಟು ತೇವ ಸಾಕು. ಆಗಾಗ ಮಗುಚಿ. ಈಗ ಹಾಕಿದ ರಾಶಿ ಮುಂಗಾರಿನ ಹೊತ್ತಿಗೆ ಕರಿ ಮಣ್ಣಾಗುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಮಾತ್ರ ಪೂರ್ತಿ ಕಳಿತ ಗೊಬ್ಬರವೇ ಆಗಬೇಕು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಈಗ ಹೋದರೆ ನೋಡಬಹುದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಮರಗಳ ಮೇಲೇ ಗೂಡು ಕಟ್ಟಿರುತ್ತವೆ. ಕೆಳಗೆ ಬಿದ್ದ ಹಿಕ್ಕೆಯನ್ನು ಜನ ಗೊಬ್ಬರ ಮಾಡಿಕೊಂಡು ಹೊಲಕ್ಕೆ ಹಾಕುತ್ತಾರೆ. ಹಕ್ಕಿಯನ್ನು ಓಡಿಸದೆ ಬದುಕುವುದು ನಮ್ಮ ಜಿಲ್ಲೆಗೆ ಹೊಸದಲ್ಲ.


ಹೊಂಗೆನೆರಳು, ಮಂಡ್ಯ

ಗೂಡಿನ ಮೇಲೆ ಸೋಗೆ ಹೊದಿಸಿದೆವು. ಒಳಗೆ ನಿಂತರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಸೀರೆ ಬೇಲಿಯೂ ಆಯಿತು. ಹೀರೆ ಪಾತಿ ಉಳಿಯಿತು. ದಂಟು ಮಾತ್ರ ಸಂಜೆ ನಾನೇ ಕಿತ್ತು ಕೋಳಿಗೆ ಹಾಕುತ್ತೇನೆ, ಉಳಿದದ್ದು ನಮ್ಮ ಬಸ್ಸಾರಿಗೆ. ಬೆಂಡೆ ಮುಗಿದ ಒಂದು ಪಾತಿಯನ್ನು ಪೂರ್ತಿ ಕೋಳಿಗಳಿಗೇ ಬಿಟ್ಟಿದ್ದೇನೆ. ಕೆದಕಿ ಕೆದಕಿ ಕಳೆ, ಹುಳ ಎಲ್ಲಾ ತೆಗೆದಿವೆ. ಮಣ್ಣು ಸಡಿಲವಾಗಿದೆ. ಮಳೆ ಬಿದ್ದ ಮೇಲೆ ಅಲ್ಲಿ ಅವರೆ ಹಾಕುವ ಯೋಚನೆ.

ಕಾವಿಗೆ ಕೂತ ಹ್ಯಾಟೆಯ ಬಗ್ಗೆ ಯಾರೂ ಹೇಳಲಿಲ್ಲ. ಅದು ಖಾಲಿ ಮೂಲೆಯಲ್ಲೇ ಕೂತಿದೆ, ಎಬ್ಬಿಸಿದರೆ ಮೈಯೆಲ್ಲಾ ಉಬ್ಬಿಸಿಕೊಂಡು ಗದರುತ್ತದೆ.


ನಾಲೆಯಂಚು, ಪಾಂಡವಪುರ

ಕೂರಿಸಿ ತಂಗೀ. ಈಗ ಕೂರಿಸಿದರೆ 21 ದಿನಕ್ಕೆ, ಸರಿಯಾಗಿ ಅಶ್ವಿನಿ ಮಳೆ ಹೊತ್ತಿಗೆ ಪಿಳ್ಳೆ ಬರುತ್ತವೆ. ಏಪ್ರಿಲ್ ನಡುವೆ ಅಶ್ವಿನಿ, ಕೊನೆಗೆ ಭರಣಿ. ಒಂದು ಮಳೆ ಬಿದ್ದರೂ ನೆಲ ತಣಿಯುತ್ತದೆ, ರೆಕ್ಕೆ ಬಂದ ಗೆದ್ದಲು ಏಳುತ್ತದೆ. ಪಿಳ್ಳೆಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲ. ಮಳೆ ಬರದಿದ್ದರೂ ಗೆದ್ದಲು ಬರಿಸಬಹುದು. ಹಳೇ ಮಡಕೆಗೆ ಒಣ ಸಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲು ಹಾಕಿ. ಬೆಳಿಗ್ಗೆ ಎತ್ತಿದರೆ ಒಳಗೆ ಗೆದ್ದಲು ತುಂಬಿರುತ್ತದೆ.

ನಮ್ಮ ಅವ್ವ ಮಂಕರಿಗೆ, ಅಂದರೆ ಬಿದಿರಿನ ಬುಟ್ಟಿಗೆ, ಬೂದಿ ಬೆರೆಸಿದ ಮಣ್ಣು ಹಾಕಿ, ಮೇಲೆ ಭತ್ತದ ಹುಲ್ಲು, ಅದರ ಮೇಲೆ ಬೇವಿನ ಸೊಪ್ಪು ಹಾಸುತ್ತಿದ್ದರು. ಗುಡುಗು ಸಿಡಿಲಿಗೆ ಮೊಟ್ಟೆ ಕೆಡಬಾರದೆಂದು ಒಂದು ಇದ್ದಿಲು, ಒಂದು ಕಬ್ಬಿಣದ ಚೂರು ಇಡುತ್ತಿದ್ದರು. ನಾವು ಈಗಲೂ ಹಾಗೇ ಇಡುತ್ತೇವೆ. ಹತ್ತು ಹನ್ನೆರಡು ಮೊಟ್ಟೆಗಿಂತ ಜಾಸ್ತಿ ಬೇಡ. ಹ್ಯಾಟೆಯ ಮೈ ಅಡಿಯಿಂದ ಹೊರಗೆ ಉಳಿದರೆ ಕಾವು ಸಿಗುವುದಿಲ್ಲ.


ಗೋಮಾಳ, ಮೈಸೂರು

ಅಣ್ಣನ ಮಾತಿಗೆ ನಾನೂ ಸೇರುತ್ತೇನೆ. ಮಂಕರಿಯ ಬೂದಿ, ಬೇವು ಹೇನಿನ ಕಾಟ ಕಡಿಮೆ ಮಾಡುತ್ತವೆ. ಕಾವಿಗೆ ಕೂತ ಕೋಳಿ ಮಣ್ಣಿನಲ್ಲಿ ಹೊರಳಲು ಹೊರಗೆ ಬರುವುದು ಕಡಿಮೆ, ಹೇನು ಅದಕ್ಕೇ ಹೆಚ್ಚು ಹತ್ತುತ್ತದೆ.

ಬೇಸಿಗೆಯಲ್ಲಿ ಮರಿ ಆಗದಿರುವುದಕ್ಕೆ ಹೆಚ್ಚಿನ ಸಲ ಕಾರಣ ಹ್ಯಾಟೆಯಲ್ಲ, ಮೊಟ್ಟೆ ಇಟ್ಟುಕೊಂಡ ಜಾಗ. 25 ಡಿಗ್ರಿ ದಾಟಿದ ಕೋಣೆಯಲ್ಲಿ ಮೊಟ್ಟೆಯೊಳಗಿನ ಜೀವ ಅರ್ಧಂಬರ್ಧ ಬೆಳೆಯಲು ಶುರು ಮಾಡುತ್ತದೆ. ಪೂರ್ತಿ ಕಾವು ಸಿಗದೆ ಸಾಯುತ್ತದೆ. ಆದ್ದರಿಂದ ಈಚೆಗೆ ಇಟ್ಟ ಮೊಟ್ಟೆಯನ್ನೇ ಆರಿಸಿ. ನಾಲ್ಕೈದು ದಿನದೊಳಗಿನದಾದರೆ ಒಳ್ಳೆಯದು. ರಾಗಿ ಅಥವಾ ಮರಳಿನ ಬುಟ್ಟಿಯಲ್ಲಿ, ಮನೆಯ ತಂಪಾದ ಮೂಲೆಯಲ್ಲಿ ಇಟ್ಟಿರಬೇಕು. ತೊಳೆಯಬೇಡಿ. ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಪೊರೆ ಇರುತ್ತದೆ, ಅದು ರೋಗಾಣು ಒಳಗೆ ಹೋಗದಂತೆ ತಡೆಯುತ್ತದೆ. ತಿನ್ನುವ ಮೊಟ್ಟೆಗೂ ಇದೇ ಮಾತು. ತೊಳೆಯುವುದಾದರೆ ಬೇಯಿಸುವ ಮುಂಚೆ ತೊಳೆಯಿರಿ.

ತೆಳು ಸಿಪ್ಪೆಯದ್ದನ್ನು ಕಾವಿಗೆ ಇಡಬೇಡಿ. ಕತ್ತಲಾದ ಮೇಲೆ ಕೂರಿಸಿ. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ನರದ ಗೆರೆ ಕಂಡರೆ ಮರಿ ಇದೆ, ತಿಳಿಯಾಗಿದ್ದರೆ ತೆಗೆಯಿರಿ. ಮಂಕರಿಯ ಹತ್ತಿರವೇ ನೀರು, ಕಾಳು ಇರಲಿ. ಈ ಕಾಲದಲ್ಲಿ ಹಾವು ಕೂಡ ತಂಪು, ನೀರು, ಮೊಟ್ಟೆ ಹುಡುಕಿಕೊಂಡು ಗೂಡಿಗೆ ಬರುತ್ತದೆ. ಸಣ್ಣ ಕಣ್ಣಿನ ಜಾಲರಿ ಹಾಕಿ. ಮೊಟ್ಟೆ ತೆಗೆಯುವಾಗ ಕತ್ತಲ ಮೂಲೆಗೆ ಸುಮ್ನೆ ಕೈ ಹಾಕಬೇಡಿ, ಮಕ್ಕಳನ್ನಂತೂ ಕಳಿಸಬೇಡಿ.


ಹೊಂಗೆನೆರಳು, ಮಂಡ್ಯ

ನೆನ್ನೆ ರಾತ್ರಿ ಕೂರಿಸಿದೆವು. ಹತ್ತು ಮೊಟ್ಟೆ. ಸ್ವರ್ಣಧಾರಾ ಸಿಪ್ಪೆ ಈಗ ಸುಮಾರಾಗಿ ಗಟ್ಟಿಯಾಗಿದೆ.

ಇನ್ನೊಂದು ವಿಷಯ. ಹೊಸ ತೊಡಕಿಗೆಂದು ತವರಿನಿಂದ ಅಣ್ಣ ಎರಡು ನಾಟಿ ಹುಂಜ ಕಳಿಸುತ್ತಿದ್ದಾನೆ. ಸಂತೆಯಲ್ಲಿ ತೆಗೆದುಕೊಂಡಿದ್ದಂತೆ. ಹಬ್ಬದವರೆಗೆ ನಮ್ಮ ಕೋಳಿಗಳ ಜೊತೆ ಹಿತ್ತಲಿಗೆ ಬಿಡಬಹುದಾ?


ಗೋಮಾಳ, ಮೈಸೂರು

ಬೇಡ. ದಯವಿಟ್ಟು ಬೇಡ.

ಯುಗಾದಿ ಮಾರನೇ ದಿನ ಹೊಸ ತೊಡಕು, ಆಮೇಲೆ ಊರೂರಿನ ಮಾರಿಹಬ್ಬ, ಜಾತ್ರೆ. ನಮ್ಮ ಕಡೆ ವರ್ಷದಲ್ಲಿ ಕೋಳಿಗಳು ಅತಿ ಹೆಚ್ಚು ಊರಿಂದೂರಿಗೆ ಓಡಾಡುವುದು ಈ ದಿನಗಳಲ್ಲಿ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಅವುಗಳ ಜೊತೆಗೇ ಓಡಾಡುತ್ತದೆ. ಸಂತೆಯಲ್ಲಿ ಚೆನ್ನಾಗಿ ಕಂಡ ಕೋಳಿ ಮನೆಗೆ ಬಂದ ನಾಲ್ಕು ದಿನಕ್ಕೆ ಮಂಕಾಗುತ್ತದೆ. ಹಸಿರು ಬಣ್ಣದ ಭೇದಿ, ಉಸಿರಾಟದ ಕಷ್ಟ, ಕತ್ತು ತಿರುಚುವುದು. ಹತ್ತಿದ ಮೇಲೆ ಔಷಧಿ ಇಲ್ಲ. ಲಸಿಕೆ ಹಾಕಿಸದ ಹಿತ್ತಲು ಒಂದೇ ವಾರದಲ್ಲಿ ಖಾಲಿಯಾಗಿದ್ದನ್ನು ನಾನು ಕೆಲಸದಲ್ಲಿದ್ದಾಗ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಮಕ್ಕಳು ಅಳುತ್ತಿದ್ದ ಮನೆಗಳವು.

ಹೊಸ ಹುಂಜಗಳನ್ನು ಮನೆಯ ಮುಂದಿನ ಕಡೆ ಬೇರೆ ಪಂಜರದಲ್ಲಿಡಿ. ಬಟ್ಟಲು ಬೇರೆ, ಚಪ್ಪಲಿಯೂ ಬೇರೆ. ಮೊದಲು ನಿಮ್ಮ ಕೋಳಿಗೆ ಮೇವು ಹಾಕಿ, ಆಮೇಲೆ ಹೊಸದಕ್ಕೆ. ಸಾಕಲು ತಂದ ಕೋಳಿಯಾದರೆ ಎರಡು ಮೂರು ವಾರ ಹೀಗೆ ಬೇರೆ ಇಡಬೇಕು. ಹಬ್ಬಕ್ಕೆ ಕೊಯ್ದ ಮೇಲೆ ಪುಕ್ಕ, ಕರುಳು ಹಿತ್ತಲಿಗೆ ಎಸೆಯಬೇಡಿ, ಆಳವಾಗಿ ಹೂಳಿ.

ಮೈಸೂರಿನವರಿಗೆ ನೆನಪಿರಬಹುದು. 2017ರ ಜನವರಿಯಲ್ಲಿ ಹಕ್ಕಿಜ್ವರದಿಂದ ಮೃಗಾಲಯವನ್ನು ಸುಮಾರು ಒಂದು ತಿಂಗಳು ಮುಚ್ಚಿದ್ದರು. 2020ರ ಮಾರ್ಚ್‌ನಲ್ಲಿ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಂಡಾಗ ಸುತ್ತ 1 ಕಿಲೋಮೀಟರ್ ಒಳಗಿನ ಸಾಕು ಕೋಳಿಗಳನ್ನೆಲ್ಲಾ ಕೊಲ್ಲಬೇಕಾಯಿತು. ಆರೋಗ್ಯವಾಗಿದ್ದವೂ ಹೋದವು. ಅದು ಬೇರೆ ರೋಗ, ಕೊಕ್ಕರೆ ರೋಗದ ಲಸಿಕೆ ಅದನ್ನು ತಡೆಯುವುದಿಲ್ಲ. ಆದರೆ ಎಚ್ಚರ ಒಂದೇ. ಹೊರಗಿನ ಹಕ್ಕಿ ಬಂದು ಕುಡಿಯದಂತೆ ನೀರು, ಮೇವು ಸೂರಿನಡಿ ಇರಲಿ. ಒಟ್ಟಿಗೆ ಹಲವು ಕೋಳಿ ಸತ್ತರೆ ಬಚ್ಚಿಡದೆ ಪಶು ಆಸ್ಪತ್ರೆಗೆ ತಿಳಿಸಿ.


ಹೊಂಗೆನೆರಳು, ಮಂಡ್ಯ

ಹುಂಜಗಳನ್ನು ಮುಂದಿನ ಜಗಲಿಯಲ್ಲೇ ಇಡುತ್ತೇವೆ. ನಮ್ಮ ಸ್ವರ್ಣಧಾರಾಗಳಿಗೆ ಮರಿಯಲ್ಲೇ ಲಸಿಕೆ ಆಗಿತ್ತು. ನಾಟಿಗೆ ಆಗಿಲ್ಲ. ಕೇಳಿದರೆ ಒಂದು ಬಾಟಲಿ ತೆರೆದರೆ ಪೂರ್ತಿ ಖರ್ಚು ಮಾಡಬೇಕು, ಆರು ಕೋಳಿಗೆ ತೆರೆಯಲು ಆಗುವುದಿಲ್ಲ ಅಂದರು.


ಗೋಮಾಳ, ಮೈಸೂರು

ಅದು ನಿಜ. ಬಾಟಲಿಯಲ್ಲಿ ಸಾಮಾನ್ಯವಾಗಿ 100 ಕೋಳಿಗೆ ಆಗುವಷ್ಟು ಅಥವಾ ಅದಕ್ಕಿಂತ ಜಾಸ್ತಿ ಬರುತ್ತದೆ. ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೆ ಐಸ್ ಮೇಲೆ ಇರಬೇಕು. ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವವರು ಲಸಿಕೆಯಿಂದ ಹೊರಗೆ ಉಳಿಯುವುದು ಇದರಿಂದಲೇ. ದಾರಿ ಒಂದೇ. ನಿಮ್ಮ ಬೀದಿಯವರೆಲ್ಲಾ ಸೇರಿ. ಆರು ಇಲ್ಲಿ, ಹತ್ತು ಅಲ್ಲಿ, ಒಟ್ಟಿಗೆ ನೂರಾಗುತ್ತದೆ. ರೋಗ ಕಾಂಪೌಂಡು ನೋಡಿ ನಿಲ್ಲುವುದಿಲ್ಲ, ಆದ್ದರಿಂದ ಪಕ್ಕದ ಮನೆಯ ಕೋಳಿಗೆ ಹಾಕಿಸುವುದೂ ನಿಮ್ಮ ಕೋಳಿಗೆ ಕಾವಲು.

ಒಂದು ವಾರ ಮೊದಲು ಜಂತು ಔಷಧಿ ಕೊಡಿ. ಎರಡು ತಿಂಗಳು ದಾಟಿದ ಕೋಳಿಗೆ ಕೊಕ್ಕರೆ ರೋಗದ ಆರ್2ಬಿ ಲಸಿಕೆ, ಚರ್ಮದಡಿ ಅರ್ಧ ಮಿಲಿ. ಅದಕ್ಕಿಂತ ಚಿಕ್ಕ ಪಿಳ್ಳೆಗೆ ಇದು ಬೇಡ. ಮೊದಲ ವಾರದ ಪಿಳ್ಳೆಗೆ ಕಣ್ಣಿಗೆ ಹನಿ ಹಾಕುವ ಬೇರೆ ಲಸಿಕೆ ಇದೆ. ಮಂಕಾಗಿರುವ ಕೋಳಿಗೆ ಹಾಕಿಸಬೇಡಿ. ಮೊಟ್ಟೆ ಕೆಲವು ದಿನ ಕಡಿಮೆಯಾಗಬಹುದು, ಹೆದರಬೇಡಿ.


ಹೊಂಗೆನೆರಳು, ಮಂಡ್ಯ

ಇವತ್ತು ಸಂಜೆ ಅತ್ತೆ ಜೊತೆ ಬೀದಿ ಸುತ್ತಿ ಬಂದೆ. ಹದಿನಾಲ್ಕು ಮನೆಯವರು ಒಪ್ಪಿದರು. ಎಣಿಸಿದರೆ 90 ಚಿಲ್ಲರೆ ಕೋಳಿ ಆಗುತ್ತವೆ. ಪಶು ಆಸ್ಪತ್ರೆಯಲ್ಲಿ ಕೇಳಿದೆ, ಹಬ್ಬಕ್ಕೂ ಮುಂಚಿನ ಭಾನುವಾರ ಬೆಳಿಗ್ಗೆ ಬರುತ್ತೇವೆ ಅಂದರು. ಆರು ಗಂಟೆಗೆ ಯಾರೂ ಗೂಡು ತೆಗೆಯಬಾರದು ಅಂತ ಎಲ್ಲರಿಗೂ ಹೇಳಿದ್ದೇನೆ. ಬಿಟ್ಟ ಮೇಲೆ ಹಿಡಿಯಲು ಆಗುವುದಿಲ್ಲವಲ್ಲ. ಐಸಿಗೆ ಮೂಲೆಯ ಅಂಗಡಿಯವರು ಡಬ್ಬಿ ಕೊಡುತ್ತಾರೆ. ಜಂತು ಔಷಧಿ ನಾಳೆಯೇ ತರುತ್ತೇನೆ.

ಡಾಕ್ಟ್ರೇ, ಕಾವಿಗೆ ಕೂತ ಹ್ಯಾಟೆಗೆ ಅವತ್ತು ಹಾಕಿಸಬಹುದಾ, ಅಥವಾ ಪಿಳ್ಳೆ ಆದ ಮೇಲೆ ಹಾಕಿಸಬೇಕಾ?


ಗೋಮಾಳ, ಮೈಸೂರು

ಅದನ್ನು ಈಗ ಎಬ್ಬಿಸಬೇಡಿ. ಕಾವಿನ ಕೆಲಸ ಮುಗಿಸಲಿ. ಅವತ್ತು ಅದರ ಹತ್ತಿರ ಹೊರಗಿನವರು ಹೋಗದಂತೆ ನೋಡಿಕೊಳ್ಳಿ. ಪಿಳ್ಳೆಗಳು ತಾಯಿಯನ್ನು ಬಿಟ್ಟ ಮೇಲೆ ಮುಂದಿನ ಬಾಟಲಿ ತೆರೆಯುವಾಗ ಅದನ್ನೂ ಸೇರಿಸಿ. ಆ ಹೊತ್ತಿಗೆ ಈ ಪಿಳ್ಳೆಗಳಿಗೂ ವಯಸ್ಸಾಗಿರುತ್ತದೆ.


ನಾಲೆಯಂಚು, ಪಾಂಡವಪುರ

ತಂಗೀ, 90ಕ್ಕೆ ಇನ್ನೂ ಜಾಗ ಇದ್ದರೆ ಹೇಳಿ. ನಮ್ಮ ಭಾವಮೈದುನನ ಮನೆ ನಿಮ್ಮ ಊರಲ್ಲೇ. ಅವರದ್ದು ಏಳು ಕೋಳಿ ಇವೆ, ಬೆಳಿಗ್ಗೆಯೇ ಮಂಕರಿ ಮುಚ್ಚಿ ತರಿಸುತ್ತೇನೆ.


ಹೊಂಗೆನೆರಳು, ಮಂಡ್ಯ

ಜಾಗ ಇದೆ ಅಣ್ಣ. ಆದರೆ ಕೋಳಿ ಇಲ್ಲಿಗೆ ತರುವುದು ಬೇಡ, ಡಾಕ್ಟ್ರು ಹೇಳಿದ್ದು ಅದೇ ಅಲ್ವಾ. ಯಾವ ಬೀದಿ ಅಂತ ಹೇಳಿ. ಲಸಿಕೆ ಹಾಕುವವರನ್ನೇ ಕೊನೆಗೆ ಅವರ ಮನೆಗೆ ಕರೆದುಕೊಂಡು ಹೋಗುತ್ತೇವೆ.